ನೀನು ಬಿಚ್ಚದ ಹೊಲಿಗೆ

ಅಕ್ಕಾ,

ಇದನ್ನ ನೀನು ಓದಲ್ಲ ಅಂತ ಗೊತ್ತು. ಬದುಕಿದ್ದಾಗಲೇ ನನ್ನ ಕೋಳಿಕಾಲು ಅಕ್ಷರ ಓದ್ತಿರಲಿಲ್ಲ, ಈಗ ಓದ್ತೀಯಾ!

ಬೆಳಿಗ್ಗೆ ನಿನ್ನ ಮಗಳು, ನಾವಿಬ್ರೂ ಹಳೇ ಸೀರೆ ಸೇರಿಸಿ ಹೊಲೀತಾ ಅರ್ಧಕ್ಕೆ ಬಿಟ್ಟಿದ್ದ ಕೌದಿ ತಂದಿದ್ಲು. "ಚಿಕ್ಕಮ್ಮ, ನನ್ನ ಹೆರಿಗೆ ಹೊತ್ತಿಗೆ ಮುಗಿಸಿಕೊಡು" ಅಂದ್ಲು.

ಕೌದಿ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಅಂದ್ರೆ, ನೀನು ಆ ಅಂಚಿಂದ, ನಾನು ಈ ಅಂಚಿಂದ ಹೊಲೀತಾ ಬೀದಿಯವರನ್ನೆಲ್ಲ ಆಡಿಕೊಳ್ಳೋದು. ಸಹಿಸೋಕೆ ಆಗದೇ ಇದ್ದಿದ್ದು, ಸಂಜೆ ನೀನು ಕನ್ನಡಕ ಏರಿಸಿ "ಇದೇನೇ, ಎತ್ತು ಉಚ್ಚೆ ಹೊಯ್ದ ಹಾಗಿದೆ" ಅಂತ ನನ್ನ ಹೊಲಿಗೆ ಬಿಚ್ಚೋದು. ಅವತ್ತು ಅದಕ್ಕೇ ಸೂಜಿ ಎಸೆದು ಎದ್ದು ಹೋದೆ. ಮೂರು ವರ್ಷ ಬರಲಿಲ್ಲ. ಬಂದಾಗ ನೀನಿರಲಿಲ್ಲ.

ಇವತ್ತು ಹಾಸಿ ನೋಡಿದೆ. ನಿನ್ನ ಸಾಲು ನಡುವಿನ ತನಕ ಬಂದು ನಿಂತಿದೆ. ನಾನು ಎದ್ದು ಹೋದ ಮೇಲೆ ನನ್ನ ಕಡೆಯ ಸೊಟ್ಟ ಹೊಲಿಗೆ ಒಂದನ್ನೂ ನೀನು ಬಿಚ್ಚಿಲ್ಲ.

"ಇದನ್ನ ಬಿಚ್ಚಿ ನೀಟಾಗಿ ಹಾಕೋಣ್ವಾ?" ಅಂದ್ಲು ನಿನ್ನ ಮಗಳು.

"ಮುಟ್ಟಿದ್ರೆ ಕೈ ಮುರೀತೀನಿ" ಅಂದೆ.

ನಡುವೆ ಒಂದು ಗೇಣು ಉಳಿದಿತ್ತು, ಈಗ ಮುಗಿಸಿದೆ. ನಿನ್ನ ಹಾಗೆ ಸಣ್ಣಗೆ ಹಾಕೋಕೆ ಹೋದೆ, ಸೊಟ್ಟಗೇ ಬಂತು. ಬೇಕಾದ್ರೆ ಬಂದು ಬಿಚ್ಚು. ಈ ಸಲ ಎದ್ದು ಹೋಗಲ್ಲ.

ನಿನ್ನ ತಂಗಿ