ಹನ್ನಾಳ ಮೆಸೇಜ್ ಬರಲಿಲ್ಲ

ಲಂಡನ್, ಶುಕ್ರವಾರ ಸಂಜೆ

ಅಕ್ಕಾ,

ಫೋನಿನಲ್ಲಿ ಹೇಳಿದರೆ ಅವ್ವನ ಕಿವಿಗೆ ಬೀಳುತ್ತದೆ, ಅದಕ್ಕೇ ಅರಕಲಗೂಡಿನ ನಿನ್ನ ಸ್ಕೂಲಿಗೆ ಈ ಕಾರ್ಡ್. ನಾನು ಬಾಡಿಗೆಗಿರುವ ಮನೆಯ ಒಡತಿ ರೂತ್ ನಿನ್ನ ಹಾಗೇ ಟೀಚರ್, ಯಹೂದಿ. ಯಹೂದಿ ಅಂತ ಗೊತ್ತಾದರೆ ಬೀದಿಯಲ್ಲೇ ಅಡ್ಡಗಟ್ಟಿ ಬೈಯುವವರು ಇಲ್ಲಿದ್ದಾರೆ. ಹಾಗಾಗಿ ಈ ಕಡೆಯ ಯಹೂದಿ ಟೀಚರುಗಳು ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಸ್ಕೂಲಿನಿಂದ ಮನೆ ಸೇರಿದ ಕೂಡಲೇ ಪ್ರತಿಯೊಬ್ಬರೂ ರೂತ್‌ಗೆ ಮೆಸೇಜ್ ಹಾಕಬೇಕು. ಆದರೆ ಶುಕ್ರವಾರ ಹೊತ್ತು ಮುಳುಗಿದರೆ ಅವರಿಗೆ ಸಬ್ಬತ್ ಅನ್ನುವ ವಾರದ ವ್ರತ, ಮಾರನೇ ಸಂಜೆಯವರೆಗೆ ಫೋನ್ ಮುಟ್ಟುವುದಿಲ್ಲ, ಗಾಡಿ ಹತ್ತುವುದಿಲ್ಲ. ಅಷ್ಟು ಹೊತ್ತು ಅವಳ ಫೋನ್ ನೋಡಿಕೊಳ್ಳುವವಳು ನಾನು.

ಈ ದಿನ ನಾಲ್ಕಕ್ಕೇ ಕತ್ತಲಾಯಿತು. ಎಲ್ಲರ ಮೆಸೇಜೂ ಬಂತು, ಹನ್ನಾ ಎಂಬ ಹೊಸ ಟೀಚರದು ಬರಲಿಲ್ಲ. ಇನ್ನು ಅವಳು ಮನೆ ಸೇರಿದ್ದರೂ ಬರುವುದಿಲ್ಲ, ಸೇರದಿದ್ದರೂ ಬರುವುದಿಲ್ಲ. ನಾನು ಫೋನ್ ಮಾಡಿದರೆ ಸ್ವಿಚ್ ಆಫ್. ಇವತ್ತು ಬಸ್ಸೂ ಹತ್ತುವ ಹಾಗಿಲ್ಲವಲ್ಲ, ರೂತ್ ಕೋಟು ಹಾಕಿಕೊಂಡು ನಡೆದೇ ಅವಳ ಮನೆಗೆ ಹೊರಟಳು.

ನನ್ನ ಕೆಮ್ಮು ವಾಸಿಯಾಗಿದೆ, ಅವ್ವನಿಗೆ ಅಷ್ಟನ್ನೇ ಹೇಳು. ನಾವು ಬಸ್ಸು ಹತ್ತುವಾಗ ಅವ್ವ "ಓಗಿ ಸೇರ್ಕಂಡ್ಮೇಲೆ ಫೋನ್ ಮಾಡ್ರವ್ವ" ಅಂತಾಳಲ್ಲ, ಬಾಗಿಲಲ್ಲಿ ರೂತ್‌ಗೆ ನಾನೂ ಅದನ್ನೇ ಹೇಳಿದೆ. ಹೂಂ ಅಂದು ಹೋದಳು. ಅವಳ ಫೋನ್ ನನ್ನ ಕೈಯಲ್ಲೇ ಇದೆ.

ನಿಸರ್ಗ