ತಾನಾಗಿಯೇ ಹಾರಿದ ಬಂದೂಕು

ಕಾಠ್ಮಂಡು, ಜೂನ್ ೨೦೦೧

ಅಕ್ಕನಿಗೆ ಖಗೇಂದ್ರನ ನಮಸ್ಕಾರ.

ಅರಮನೆಯಲ್ಲಿ ರಾಜರ ಸಂಸಾರವೇ ಗುಂಡಿಗೆ ಬಲಿಯಾದದ್ದು ಊರಿಗೂ ತಿಳಿದಿರಬೇಕು. ಇಲ್ಲಿ ಸೂತಕವೆಂದು ಗಂಡಸರೆಲ್ಲ ತಲೆ ಬೋಳಿಸಿಕೊಳ್ಳುತ್ತಿದ್ದಾರೆ. ನಾನೂ ಬಾಗ್ಮತಿ ದಂಡೆಯಲ್ಲಿ ಮೂರು ತಾಸು ಸಾಲಿನಲ್ಲಿ ನಿಂತೆ. ಬಂದೂಕು ತಾನಾಗಿಯೇ ಹಾರಿತೆಂದು ರೇಡಿಯೊದಲ್ಲಿ ಬಂದಿತ್ತು; ಸಾಲಿನಲ್ಲಿ ಒಬ್ಬನೂ ನಂಬಿರಲಿಲ್ಲ. ಕ್ಷೌರಿಕ ಅಷ್ಟಮಾನನಂತೂ ನನ್ನ ತಲೆ ಹಿಡಿದುಕೊಂಡೇ ರೇಗಿದ: "ಮೂವತ್ತು ವರ್ಷದಿಂದ ಕತ್ತಿ ಹಿಡಿದಿದೀನಿ. ಒಂದಿನಾನಾದ್ರೂ ತಾನಾಗೇ ಕುಯ್ದಿದ್ಯಾ? ನಮ್ಮ ಕಿವಿ ಮೇಲೆ ಹೂ ಇಡ್ತಾರೆ!"

ಅನ್ನುವಷ್ಟರಲ್ಲಿ ನನ್ನ ಕಿವಿ ಕುಯ್ದುಹೋಯಿತು.

"ನಾನೇನೂ ಮಾಡ್ಲಿಲ್ಲಪ್ಪಾ, ಕತ್ತಿ ತಾನಾಗೇ ಜಾರ್ತು!"

"ಹೌದ್ಹೌದು, ಪಾಪ," ಎಂದು ಸಾಲಿಗೆ ಸಾಲೇ ತಲೆಯಾಡಿಸಿತು.

ಎರಡು ಹೊಲಿಗೆ ಬಿದ್ದಿದೆ, ಗಾಬರಿ ಬೇಡ. ಅಮ್ಮನಿಗೆ ಮಾತ್ರ ಮೆಟ್ಟಿಲಿಂದ ಬಿದ್ದೆನೆಂದು ಹೇಳು. ನಿಜ ಹೇಳಿದರೆ ಅವಳು ನಂಬುವುದಿಲ್ಲ.

ಕರ್ಫ್ಯೂ ಹೊತ್ತಾಯಿತು.
ಖಗೇಂದ್ರ