ಹಡಗಿನ ಉಕ್ಕಿನ ಜೋಡಿ ಚಾಕು

ಕುಲುಮೆ ಮನೆ
ಮಂಗಳವಾರ, ಬೆಳಗ್ಗೆ

ಮುದ್ದು ಪುಟ್ಟಿಗೆ,

ಕೈ ಮಸಿಯಾದರೂ ಮನಸ್ಸು ಬೆಳ್ಳಗಿರುವ ನಿನ್ನ ಸೋದರಮಾವನ ಆಶೀರ್ವಾದ.

ಹೊಸ ಊರಿನಲ್ಲಿ ನಿನ್ನ ಹೊಲಿಗೆ ಯಂತ್ರ ಚೆನ್ನಾಗಿ ಓಡುತ್ತಿದೆಯೆಂದು ಬಸ್ಸಿನ ಡ್ರೈವರ್ ಹೇಳಿದ. ಫೋನ್ ನಂಬರನ್ನು ನನಗೂ ಕೊಟ್ಟಿಲ್ಲ ನೀನು. ಸಿಟ್ಟಿಲ್ಲ ಬಿಡು. ನನ್ನ ಬಾಯಿ ತೂತು ಬಿದ್ದ ಕೊಡವೆಂದು ನಿಮ್ಮಮ್ಮನೇ ಹೇಳುತ್ತಿದ್ದಳಲ್ಲ.

ಈಗ ನನ್ನ ಪ್ರತಾಪ ಕೇಳು. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆದು ಓಡಿಬಂದವನ ಕೈಗೆ ಯುದ್ಧನೌಕೆಯೇ ಸಿಕ್ಕಿದೆ! ಅಜ್ಜನ ಕಾಲದಲ್ಲಿ ಮುಳುಗಿದ್ದನ್ನು ಮೇಲೆತ್ತಿ ಒಡೆದರು. ಅದರ ಉಕ್ಕು ನನ್ನ ಕುಲುಮೆಗೆ ಬಂತು. ನಾನು ಬಡಿದ ಚಾಕುಗಳನ್ನು ದೊಡ್ಡ ಮನುಷ್ಯರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಅದರಲ್ಲಿ ಈರುಳ್ಳಿ ಹೆಚ್ಚುವವನೂ ಇಲ್ಲ. ಹಾಗಾಗಿ ಯಾರೂ ಸಾಣೆ ಹಿಡಿಸುವುದಿಲ್ಲ.

ಒಬ್ಬ ಮಾತ್ರ ಹಿಡಿಸಿದ. ನಿನ್ನ ಗಂಡ.

ಹೆದರಬೇಡ, ಪೂರ್ತಿ ಓದು. ಗೋಡೆ ತುಂಬ ಚಾಕು ತೂಗುಹಾಕಿಕೊಂಡವನು, ನಿನಗೆ ಗೊತ್ತೇ ಇದೆ. "ಮಾವ, ಕೂದಲು ಸೀಳೋ ಹಾಗಿರ್ಲಿ" ಅಂದ. ಒಲ್ಲೆನೆಂದರೆ ಇನ್ನೊಬ್ಬ ಕಮ್ಮಾರನ ಬಳಿ ಹೋಗುತ್ತಾನೆ. ನಿನ್ನ ಕುತ್ತಿಗೆಯ ಗಾಯ ನೆನೆದು, ಹಲ್ಲು ಕಚ್ಚಿ ಹೂಂ ಎಂದೆ. ಅವಳಿ ಮಕ್ಕಳಂಥ ಎರಡು ಚಾಕು ಮಾಡಿದೆ. ಒಂದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದೆ. ಅದು ನಿನಗೆ, ದಿಂಬಿನ ಕೆಳಗಿರಲಿ. ಇನ್ನೊಂದನ್ನು ಅದ್ದಲೇ ಇಲ್ಲ. ಅದೇ ಹೊಳಪು, ಅದೇ ಅಲಗು, ಆದರೆ ಒತ್ತಿದರೆ ಮೇಣದಂತೆ ಬಾಗುತ್ತದೆ. ಅದು ಅವನಿಗೆ. ಹೇಗಿದೆ ಮಾವನ ತಲೆ?

ನಿನ್ನೆ ಬಂದು ತನ್ನದನ್ನು ಒಯ್ದ. ಕಪಾಟಿನಲ್ಲಿದ್ದ ನಿನ್ನದನ್ನೂ ಕಂಡ. ಎರಡನ್ನೂ ಉಗುರಿನಿಂದ ತಟ್ಟಿ ಕಿವಿಗೆ ಹಿಡಿದು, "ನಿಮ್ಮ ಕೈಗುಣ ಕಿವಿಗೂ ಗೊತ್ತಾಗುತ್ತೆ ಮಾವ" ಎಂದು ನಕ್ಕ. ಕುಡಿಯಲು ನೀರು ಕೇಳಿದ, ಒಳಗಿನಿಂದ ತಂದುಕೊಟ್ಟೆ. ನಿನ್ನ ಸುದ್ದಿ ಕೆದಕಿದ. ನಾನು ತುಟಿ ಪಿಟಕ್ಕೆನ್ನಲಿಲ್ಲ.

ನಿನ್ನ ಚಾಕನ್ನು ಈ ಪತ್ರದೊಂದಿಗೆ ಡ್ರೈವರ್ ತರುತ್ತಾನೆ. ಕಣ್ಣು ತುಂಬ ನಿದ್ದೆ ಮಾಡು.

ಹಡಗನ್ನೇ ಬಗ್ಗಿಸಿದ
ನಿನ್ನ ಸೋದರಮಾವ

ತಾ.ಕ.: ಪೆಟ್ಟಿಗೆ ಮುಚ್ಚುವ ಮುಂಚೆ ನಿನ್ನ ಚಾಕನ್ನು ನಾನೂ ತಟ್ಟಿ ನೋಡಿದೆ. ಗಟ್ಟಿ ಮಾಡಿದ ಉಕ್ಕು ಗಂಟೆಯ ಹಾಗೆ ಕಿಣಿ ಎನ್ನಬೇಕು. ಇದು ಮೂಕ. ಒತ್ತಿದೆ, ಬಾಗಿತು. ನಾನು ನೀರಿಗೆ ಹೋದಾಗ ಅದಲುಬದಲು ಮಾಡಿದ್ದಾನೆ, ಪುಟ್ಟಿ. ಇನ್ನೊಂದು ಮಾತು ಮೇಲೆ ಬರೆಯಲಿಲ್ಲ. "ಗಂಡನ್ನ ಬಿಟ್ಟೋಳು ಯಾವ ಬೀದಿಲಿ ಬಿದ್ದಿದಾಳೆ?" ಎಂದು ಹಂಗಿಸಿದ. ತಡೆಯಲಾಗಲಿಲ್ಲ. "ಬಂದರು ಬೀದಿಲಿ ಸ್ವಂತ ಅಂಗಡಿ ಇಟ್ಟಿದಾಳೆ ಕಣೋ ನನ್ನ ಹುಡುಗಿ!" ಅಂದುಬಿಟ್ಟೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನಾನು ಪೊಲೀಸ್ ಠಾಣೆಗೆ ಓಡುತ್ತೇನೆ. ಇದನ್ನು ಓದಿದ ಕೂಡಲೇ, ಬಟ್ಟೆಬರೆ ಏನೂ ಬೇಡ, ಅದೇ ಬಸ್ಸು ಹತ್ತು. ಅವನು ನಿನ್ನೆಯೇ ಹೊರಟವನು.